ಆಡುಗಳಿಗೆ ಟಾನಿಕ್ಕೂ ಉಣ್ಣಿಯ ನಿವಾರಣೆಯೂ

ಬಯಲುಸೀಮೆಯ ಗ್ರಾಮಗಳಲ್ಲಿ ಆಡು ಸಾಕುವವರೊಳಗೆ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ರೂಢಿಯು ಹಬ್ಬಿರುವುದು. ಆಡು ಸೊರಗಿತೆಂದರೆ, ಅದರ ಕೂದಲು ಒರಟಾಯಿತೆಂದರೆ, ಮರಿಯು ಮೊಲೆಯುಣ್ಣದೆ ಮುದುಡಿ ನಿಂತಿತೆಂದರೆ, ಒಡೆಯರಾದವರು ಮೊದಲು ಮಾಡುವ ಕೆಲಸವೇನೆಂದರೆ ಪೇಟೆಯಿಂದ ಒಂದು ಸೀಸೆ ವಿಟಮಿನ್ ಟಾನಿಕ್ಕನ್ನು ತರಿಸುವುದು. ಅದನ್ನು ಗೊಟ್ಟದಲ್ಲಿ ಹೊಯ್ದು ನಾಲ್ಕಾರು ದಿನ ಕುಡಿಸುವರು. ಗುಣ ಕಾಣದಿದ್ದರೆ ಹೆಚ್ಚು ಬೆಲೆಯ ಇನ್ನೊಂದು ಸೀಸೆ ಬರುವುದು. ಇಷ್ಟು ನಡೆಯುತ್ತಿರುವಾಗಲೇ ಆ ಆಡಿನ ಕಿವಿಯೊಳಗೂ, ಬಾಲದ ಬುಡದಲ್ಲಿಯೂ, ತೊಡೆಯ ಸಂದಿನಲ್ಲಿಯೂ ಹರಳುಬೀಜದ ಹಾಗೆ ಉಬ್ಬಿದ ಉಣ್ಣಿಗಳು ನೆತ್ತರನ್ನು ಹೀರುತ್ತ ಕುಳಿತಿರುವುವು. (ಹರಳುಗಿಡಕ್ಕೆ ಸಸ್ಯಶಾಸ್ತ್ರಜ್ಞರು ಇಟ್ಟಿರುವ ರಿಸಿನಸ್ ಎಂಬ ಲ್ಯಾಟಿನ್ ಹೆಸರಿಗೂ ಉಣ್ಣಿಯೆಂದೇ ಅರ್ಥವುಂಟು, ಹೋಲಿಕೆಯನ್ನು ಕಂಡವರು ನಮ್ಮ ರೈತರು ಮಾತ್ರವಲ್ಲ.) ಬುಡದಲ್ಲಿ ತೂತಿರುವ ಕೊಡಕ್ಕೆ ಬಾಯಿಂದ ನೀರು ಹೊಯ್ಯುವ ಈ ಕ್ರಮದಿಂದ ಅಂಗಡಿಯವರಿಗಲ್ಲದೆ ಮತ್ತಾರಿಗೂ ಲಾಭವಿಲ್ಲ.

ಜೀವಸತ್ತ್ವಗಳು ಬೇಡವೆಂಬುದು ಇಲ್ಲಿನ ವಾದವಲ್ಲ. ಯಾವುದು ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಹಣ ತೆರಬೇಕು, ಯಾವುದು ಬೇಲಿಯಲ್ಲಿಯೇ ಬಿಟ್ಟಿ ದೊರೆಯುವುದು ಎಂಬ ವಿವೇಚನೆಯು ಗ್ರಾಮದ ಯಜಮಾನರಿಗೂ ಜಮೀನುದಾರರಿಗೂ ಇರಬೇಕೆಂಬುದೇ ಅಭಿಪ್ರಾಯ. 2019ರ ಜಾನುವಾರು ಗಣತಿಯಲ್ಲಿ ಭಾರತದಲ್ಲಿ 14 ಕೋಟಿ 88 ಲಕ್ಷ ಆಡುಗಳಿದ್ದುವೆಂದು ಎಣಿಕೆಯಾಯಿತು. ಕರ್ನಾಟಕದ ಪಾಲು 60 ಲಕ್ಷಕ್ಕೆ ಮೀರಿತ್ತು. ಇವುಗಳಲ್ಲಿ ಬಹುಭಾಗವು ಒಂದೆರಡು ಎಕರೆಯವರ ಮತ್ತು ಭೂಮಿಯೇ ಇಲ್ಲದವರ ಸ್ವತ್ತು. ಆ ಮನೆಗಳಲ್ಲಿ ಆಡೆಂಬುದು ಕೈಗಂಟು. ಮಕ್ಕಳ ಪುಸ್ತಕಕ್ಕೂ, ಕಾಯಿಲೆ ಕಸಾಲೆಗೂ, ಹೆಣ್ಣುಮಕ್ಕಳ ಬಾಣಂತನಕ್ಕೂ ಒಡೆಯುವ ಹುಂಡಿ. ಅಂಥ ಮನೆಯಲ್ಲಿ ಒಂದು ಮರಿ ಸತ್ತರೆ ಆಗುವ ನಷ್ಟವು ನೂರು ಆಡುಗಳ ಮಂದೆಯಲ್ಲಿ ಹತ್ತು ಸತ್ತುದಕ್ಕಿಂತಲೂ ದೊಡ್ಡದು.

ಜೀವಸತ್ತ್ವಗಳೆಂದರೆ ಶರೀರವು ಅತ್ಯಲ್ಪ ಪ್ರಮಾಣದಲ್ಲಿ ಬೇಡುವ, ಆದರೆ ಇಲ್ಲದಿದ್ದರೆ ಶರೀರವೇ ನಡೆಯದ ವಸ್ತುಗಳು. ವಿಟಮಿನ್ ಎಂಬ ಹೆಸರನ್ನು ಹುಟ್ಟಿಸಿದವರು ಕ್ಯಾಸಿಮಿರ್ ಫಂಕ್ ಎಂಬ ವಿಜ್ಞಾನಿ; ಅದು 1912ರ ಮಾತು. ಮರುವರ್ಷವೇ ಅಮೆರಿಕದಲ್ಲಿ ಮೆಕಾಲಮ್ ಮತ್ತು ಡೇವಿಸ್ ಎಂಬವರು ಕೊಬ್ಬಿನಲ್ಲಿ ಕರಗುವ ಏ ಜೀವಸತ್ತ್ವವನ್ನು ಗುರುತಿಸಿದರು. ಹಸಿರೆಲೆಯಲ್ಲಿರುವ ಕ್ಯಾರೊಟೀನ್ ಎಂಬ ಬಣ್ಣವು ಪ್ರಾಣಿಯ ಒಡಲಲ್ಲಿ ಏ ಜೀವಸತ್ತ್ವವಾಗಿ ಮಾರ್ಪಡುವುದೆಂಬುದನ್ನು 1930ರಲ್ಲಿ ಥಾಮಸ್ ಮೂರ್ ತೋರಿಸಿಕೊಟ್ಟರು. ನಮ್ಮ ಗಡಿಗೆ ಹತ್ತಿರದ ಕುನೂರಿನಲ್ಲಿಯೂ ರಾಬರ್ಟ್ ಮೆಕ್ಯಾರಿಸನ್ನರು ಆಹಾರದ ಕೊರತೆಯಿಂದಾಗುವ ರೋಗಗಳ ಶೋಧನೆಯನ್ನು ನಡೆಸಿದರು. ಅವರು ಕಟ್ಟಿದ ಪ್ರಯೋಗಶಾಲೆಯೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು.

ಈ ವಿದ್ಯೆಯೆಲ್ಲವೂ ಮನುಷ್ಯನಿಗೂ ಇಲಿಗೂ ಒಪ್ಪುವಂತೆಯೇ ಆಡಿಗೆ ಒಪ್ಪುವುದಿಲ್ಲ. ಆಡು ಮೆಲುಕು ಹಾಕುವ ಪ್ರಾಣಿ. ಅದರ ಹೊಟ್ಟೆಯ ಮೊದಲನೆಯ ಕೋಣೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ವಾಸಮಾಡುವುವು. ಅವು ನಾರನ್ನು ಕೊಳೆಸಿ ಅರಗಿಸುವುದರ ಜೊತೆಗೆ ಬಿ ವರ್ಗದ ಜೀವಸತ್ತ್ವಗಳನ್ನೂ ಕೆ ಜೀವಸತ್ತ್ವವನ್ನೂ ತಾವಾಗಿಯೇ ತಯಾರಿಸಿ ಒಡೆಯನಿಗೆ ಒಪ್ಪಿಸುವುವು. ಸಿ ಜೀವಸತ್ತ್ವವನ್ನು ಆಡಿನ ಪಿತ್ತಕೋಶವಲ್ಲ, ಯಕೃತ್ತು ಮಾಡಿಕೊಳ್ಳುವುದು. ಡಿ ಜೀವಸತ್ತ್ವವು ಬಿಸಿಲಿನಿಂದ ಬರುವುದು. ನಮ್ಮ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಏ ಮತ್ತು ಇ ಜೀವಸತ್ತ್ವಗಳು ಹಸಿರು ಸೊಪ್ಪಿನಲ್ಲಿ ತುಂಬಿರುವುವು. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ಕೇಳದವರಾರು? ಹಸುವಿನ ಬೆಣ್ಣೆಯಲ್ಲಿ ಹಳದಿಯಾಗಿ ಕಾಣುವ ಕ್ಯಾರೊಟೀನನ್ನು ಆಡು ಬಹುಮಟ್ಟಿಗೆ ಏ ಜೀವಸತ್ತ್ವವನ್ನಾಗಿ ಮಾಡಿಬಿಡುವುದರಿಂದಲೇ ಅದರ ಹಾಲೂ ಬೆಣ್ಣೆಯೂ ಬೆಳ್ಳಗಿರುವುವು. ಹೀಗಿರಲಾಗಿ, ಬೇಲಿಸಾಲಿನಲ್ಲಿ ಮೇಯುತ್ತ ಚೆನ್ನಾಗಿ ಮೆಲುಕು ಹಾಕುತ್ತಿರುವ ಬೆಳೆದ ಆಡಿಗೆ ಬಿ ಕಾಂಪ್ಲೆಕ್ಸ್ ಸೀಸೆಯನ್ನು ಕುಡಿಸುವುದು ಕೆರೆಯ ನೀರನ್ನು ಕೆರೆಗೇ ಚೆಲ್ಲಿದಂತೆ. ಆ ಸೂಕ್ಷ್ಮಜೀವಿಗಳು ಬಿ12 ಎಂಬುದನ್ನು ಮಾಡಲು ಕೋಬಾಲ್ಟ್ ಲೋಹದ ಲೇಶವೊಂದು ಬೇಕು. ಅದು ದಿನಕ್ಕೆ ಹತ್ತು ಗ್ರಾಮಿನಷ್ಟು ಲವಣಮಿಶ್ರಣದಲ್ಲಿಯೇ ಬರುವುದು.

ಕೊರತೆಯು ಬರುವುದು ಎಲ್ಲಿ? ಮೊದಲನೆಯದಾಗಿ ಬೇಸಗೆಯಲ್ಲಿ. ಸಂಕ್ರಾಂತಿ ಕಳೆದ ಮೇಲೆ ಗೋಮಾಳದ ಹುಲ್ಲು ಒಣಗಿ ಬೆಳ್ಳಗಾಗುವುದು. ಹಳೆಯ ರಾಗಿಹುಲ್ಲಿನಲ್ಲಿಯೂ ಜೋಳದ ಸೊಪ್ಪೆಯಲ್ಲಿಯೂ ಕ್ಯಾರೊಟೀನು ಹೆಸರಿಗೆ ಮಾತ್ರ ಇರುವುದು. ಆಡಿನ ಯಕೃತ್ತು ಮಳೆಗಾಲದ ಏ ಜೀವಸತ್ತ್ವವನ್ನು ಎರಡು ಮೂರು ತಿಂಗಳಿಗಾಗುವಷ್ಟು ಕೂಡಿಟ್ಟುಕೊಳ್ಳಬಲ್ಲದು. ಬರದ ವರ್ಷ ಆ ಗಂಟು ಕರಗಿಹೋಗುವುದು. ಆಗ ಸಂಜೆ ಮಂದೆಯು ಮನೆಗೆ ಮರಳುವಾಗ ಕೆಲವು ಆಡುಗಳು ದಾರಿಯ ಕಲ್ಲುಗಳನ್ನು ಎಡವುವುವು. ಕಣ್ಣಿನಲ್ಲಿ ನೀರು ಸೋರುವುದು. ಗಬ್ಬವಾದವು ಕಂದು ಹಾಕುವುವು, ಇಲ್ಲವೆ ನಿಲ್ಲಲಾರದ ಮರಿಗಳನ್ನು ಈಯುವುವು. ಆಡಿನ ಗರ್ಭವು 5 ತಿಂಗಳದು. ದೀಪಾವಳಿಯ ಸುಮಾರಿನಲ್ಲಿ ಹೋತಕ್ಕೆ ಬಂದ ಆಡು ಈಯುವುದು ಯುಗಾದಿಯ ಹೊತ್ತಿಗೆ. ಅಂದರೆ ಮರಿ ಒಡಲಲ್ಲಿ ಬೆಳೆಯುವ ಕಾಲವೆಲ್ಲವೂ ಹಸಿರಿಲ್ಲದ ಕಾಲವೇ. ಏ ಜೀವಸತ್ತ್ವವು ಗರ್ಭದೊಳಕ್ಕೆ ಬಹು ಸ್ವಲ್ಪವಾಗಿ ಇಳಿಯುವುದು. ಮರಿಗೆ ಅದು ದೊರೆಯುವುದು ಗಿಣ್ಣುಹಾಲಿನಲ್ಲಿ. ಗಿಣ್ಣುಹಾಲು ಮರಿಗೆ ಸೇರದೆಂದು ಕರೆದು ಚೆಲ್ಲುವ ಮೂಢತನವು ಕೆಲವು ಮನೆಗಳಲ್ಲಿ ಈಗಲೂ ಉಂಟು. ಯಾವ ಟಾನಿಕ್ಕೂ ಅದರ ಸ್ಥಾನಕ್ಕೆ ಬಾರದು. ಹುಟ್ಟಿದ ಗಂಟೆಯೊಳಗೆ ಮರಿಯ ಬಾಯಿಗೆ ಗಿಣ್ಣು ಬೀಳಬೇಕು. ಮೊದಲನೆಯ ಹಗಲಿರುಳಿನಲ್ಲಿ ಮರಿಯ ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ ಅದು ಕುಡಿಯಬೇಕು.

ಎರಡನೆಯದಾಗಿ, ಕಟ್ಟಿ ಮೇಯಿಸುವ ಹೊಸ ಪದ್ಧತಿಯಲ್ಲಿ. ದೂರದ ಸೀಮೆಯ ಜಾತಿಯ ಆಡುಗಳನ್ನು ತಂದು, ತಗಡಿನ ಮಾಡಿನ ಕೆಳಗೆ ಒಣಮೇವಿನ ಮೇಲೆಯೇ ನಿಲ್ಲಿಸುವವರಿದ್ದಾರೆ. ಮರಿಗಳನ್ನು ಹಗಲೆಲ್ಲ ಕುಕ್ಕೆಯಡಿ ಮುಚ್ಚಿ ಕತ್ತಲ ಮೂಲೆಯಲ್ಲಿಡುವವರೂ ಇದ್ದಾರೆ. ಬಿಸಿಲು ಕಾಣದ ಮರಿಯ ಕಾಲು ಸೊಟ್ಟಗಾಗುವುದು. ಸೀಸೆಯ ಡಿ ಜೀವಸತ್ತ್ವವನ್ನು ಕೊಳ್ಳುವುದಕ್ಕಿಂತ ಕುಕ್ಕೆಯನ್ನು ಅಂಗಳಕ್ಕೆ ಎಳೆಯುವುದು ಸುಲಭ.

ಈ ಕೊರತೆಗೆಲ್ಲ ತಕ್ಕ ಔಷಧವು ಬದುವಿನ ಮೇಲೆ ಬೆಳೆಯತಕ್ಕದ್ದು. ಬೆಳೆದ ಆಡೊಂದಕ್ಕೆ ದಿನಕ್ಕೆ ಕಾಲು ಕಿಲೋ ಹಸಿ ಸೊಪ್ಪು ಸಿಕ್ಕಿದರೆ ಏ ಜೀವಸತ್ತ್ವಕ್ಕೆ ಕೊರತೆ ಬಾರದು. ಅಗಸೆ, ನುಗ್ಗೆ, ಹಾಲವಾಣ, ಸುಬಾಬುಲ್ ಇವು ಬೇಸಗೆಯಲ್ಲಿಯೂ ಚಿಗುರುವುವು. ಆದರೆ ಸುಬಾಬುಲ್ ಸೊಪ್ಪಿನಲ್ಲಿ ಒಂದು ವಿಷಾಂಶವಿರುವುದರಿಂದ ಮೇವಿನ ಮೂರನೆಯ ಒಂದು ಪಾಲನ್ನು ಅದು ಮೀರಬಾರದು. ರೇಷ್ಮೆ ಸಾಕುವ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ಹುಳು ತಿಂದುಳಿದ ಹಿಪ್ಪುನೇರಳೆಯ ಕಡ್ಡಿ ಎಲೆಗಳು ಆಡಿಗೆ ಉತ್ತಮವಾದ ಮೇವು. ಮಳೆಗಾಲದ ಸೊಪ್ಪನ್ನು ನೆರಳಿನಲ್ಲಿ ಒಣಗಿಸಿ ಹಸಿರು ಮಾಸದಂತೆ ಕೂಡಿಟ್ಟರೆ ಅದೂ ಕೆಲಸಕ್ಕೆ ಬರುವುದು. ಬಿಸಿಲಿನಲ್ಲಿ ಬೆಳ್ಳಗಾದುದು ಬರದು. ಹತ್ತು ಎಕರೆಯ ಜಮೀನುದಾರನು ತನ್ನ ಬದುಗಳಲ್ಲಿ ಐವತ್ತು ಅಗಸೆ ನುಗ್ಗೆ ಗಿಡಗಳನ್ನು ನೆಟ್ಟರೆ ಅವನ ಆಡುಗಳ ಟಾನಿಕ್ಕಿನ ಖರ್ಚು ಅಲ್ಲಿಗೆ ನಿಂತಿತು. ಇದಾವುದೂ ಇಲ್ಲದ ಬರದ ವರ್ಷದಲ್ಲಿ, ಗಬ್ಬದ ಆಡುಗಳಿಗೆ ಈಯುವ ನಾಲ್ಕಾರು ವಾರ ಮುಂಚೆ ಏ, ಡಿ, ಇ ಜೀವಸತ್ತ್ವಗಳ ಸೂಜಿಮದ್ದನ್ನು ಪಶುವೈದ್ಯರಿಂದ ಒಮ್ಮೆ ಹಾಕಿಸುವುದು ಯುಕ್ತವೇ. ಇದಕ್ಕೆ ತೆತ್ತ ಹಣ ವ್ಯರ್ಥವಲ್ಲ. ಆದರೆ ಒಂದರಿಂದ ಗುಣವಾದರೆ ನಾಲ್ಕರಿಂದ ನಾಲ್ಕರಷ್ಟು ಗುಣವೆಂದು ಮೇಲಿಂದ ಮೇಲೆ ಹಾಕಿಸತಕ್ಕದ್ದಲ್ಲ. ಏ ಮತ್ತು ಡಿ ಎರಡೂ ಒಡಲಲ್ಲಿ ಕೂಡುತ್ತ ಹೋಗಿ ವಿಷವಾಗತಕ್ಕವು. ಇ ಜೀವಸತ್ತ್ವದ ಜೊತೆಗೆ ಬೆರೆಸಿರುವ ಸೆಲೀನಿಯಮ್ ಎಂಬ ಧಾತುವಂತೂ ಹಿತಕ್ಕೂ ವಿಷಕ್ಕೂ ನಡುವೆ ಬಹಳ ಕಡಮೆ ಅಂತರವುಳ್ಳದ್ದು.

ಬಿ ವರ್ಗದ ಜೀವಸತ್ತ್ವವು ನಿಜವಾಗಿ ಪ್ರಾಣವನ್ನುಳಿಸುವ ಸಂದರ್ಭವೊಂದುಂಟು. ಮದುವೆಯ ಮನೆಯ ಹಿತ್ತಲಲ್ಲಿ ಎಸೆದ ಅನ್ನವನ್ನೋ, ಕಣದಲ್ಲಿ ಹರಡಿದ ಕಾಳನ್ನೋ ಆಡುಗಳು ಹೊಟ್ಟೆಬಿರಿಯ ತಿಂದರೆ ಮೊದಲನೆಯ ಕೋಣೆಯು ಹುಳಿಯಾಗಿ ಅಲ್ಲಿನ ಉಪಕಾರಿ ಜೀವಿಗಳು ಸಾಯುವುವು. ಕೆಲವು ಆಡುಗಳಲ್ಲಿ ಇದರ ಹಿಂದೆಯೇ ಥಯಮಿನ್ ಎಂಬ ಬಿ1 ಜೀವಸತ್ತ್ವವು ಕೆಟ್ಟುಹೋಗಿ, ಆಡು ಕುರುಡಾದಂತೆ ಗೋಡೆಗೆ ಹಾಯುವುದು, ತಲೆಯನ್ನು ಬೆನ್ನಿನ ಮೇಲಕ್ಕೆ ಸೆಟೆದು ಆಕಾಶವನ್ನು ನೋಡುವುದು. ದೆವ್ವ ಬಡಿಯಿತೆಂದು ಯಂತ್ರ ಕಟ್ಟಿಸುತ್ತ ಕೂರದೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ದು ಥಯಮಿನ್ ಸೂಜಿಮದ್ದನ್ನು ಕೊಡಿಸಿದರೆ ಎಷ್ಟೋ ಆಡುಗಳು ಎದ್ದು ನಿಲ್ಲುವುವು. ತಡಮಾಡಿದರೆ ಮಿದುಳು ಕೆಟ್ಟುಹೋಗುವುದು. ಮೇವು ಬಿಟ್ಟು ಮೆಲುಕು ನಿಂತ ಯಾವ ಆಡಿಗೂ ಬಿ ಜೀವಸತ್ತ್ವಗಳು ಸಲ್ಲುವುವು. ಎಳೆಯ ಮರಿಯಲ್ಲಿ ಆ ಕೋಣೆ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅದಕ್ಕೆ ತಾಯಿಯ ಹಾಲೇ ಗತಿ.

ಇನ್ನು ಮೈಮೇಲಣ ಶತ್ರುಗಳ ವಿಷಯ. ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. 5 ಕಿಲೋ ತೂಕದ ಮರಿಯ ಒಡಲಲ್ಲಿ ಇರುವ ನೆತ್ತರು ಸುಮಾರು 350 ಮಿಲಿಲೀಟರು. ಹೆಣ್ಣುಣ್ಣಿಯೊಂದು ಉಬ್ಬಿ ಉದುರುವ ಹೊತ್ತಿಗೆ ಅದರ ಜಾತಿಯನ್ನನುಸರಿಸಿ ಅರ್ಧ ಮಿಲಿಲೀಟರಿನಿಂದ ಎರಡರವರೆಗೆ ಹೀರುವುದು. ಕಡಮೆಯದನ್ನೇ ಹಿಡಿದರೂ 40 ಉಣ್ಣಿಗಳಿಗೆ 20 ಮಿಲಿಲೀಟರು. ಒಂದು ವಾರದಲ್ಲಿ ಮರಿಯ ನೆತ್ತರಿನ ಹದಿನೇಳು ಹದಿನೆಂಟರಲ್ಲಿ ಒಂದು ಪಾಲು ಹೋಯಿತು. ಮರುವಾರ ಇನ್ನೊಂದು ತಂಡವು ಬಂದು ಕಚ್ಚುವುದು. ಹೋದ ನೆತ್ತರನ್ನು ತುಂಬಲು ಬೇಕಾದುದು ಕಬ್ಬಿಣಾಂಶವೂ ಮಾಂಸಜನಕ ಆಹಾರವೂ ಹೊರತು ಬಣ್ಣದ ಸಕ್ಕರೆನೀರಲ್ಲ. ರೆಪ್ಪೆಯ ಒಳಭಾಗವು ಬಿಳುಪೇರಿರುವುದಕ್ಕೆ ಉಣ್ಣಿ ಮಾತ್ರವಲ್ಲ, ಜಠರದ ಜಂತುಗಳೂ ದೊಡ್ಡ ಕಾರಣವೆಂಬುದನ್ನು ಇಲ್ಲಿ ಮರೆಯಬಾರದು. ಹೊರಗಿನ ಶತ್ರುವನ್ನು ಕೊಂದು ಒಳಗಿನದನ್ನು ಬಿಟ್ಟರೆ ಅರ್ಧ ಕೆಲಸವೇ ಆಗುವುದು.

ನೆತ್ತರು ಹೋಗುವುದಷ್ಟೇ ಅಲ್ಲ, ಕಚ್ಚುವ ಬಾಯಿಯಿಂದ ರೋಗವೂ ಬರುವುದು. ಅಮೆರಿಕದ ದನಗಳ ಜ್ವರವನ್ನು ಹರಡುವುದು ಉಣ್ಣಿಯೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬವರು 1893ರಲ್ಲಿ ಪ್ರಕಟಿಸಿದರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯ ಜೀವಿಯನ್ನು ಕಂಡುದು 1897ರಲ್ಲಿ. ಹೀಗೆ ಉಣ್ಣಿಯ ಅಪರಾಧವು ಸೊಳ್ಳೆಯ ಅಪರಾಧಕ್ಕಿಂತ ನಾಲ್ಕು ವರ್ಷ ಮುಂಚೆಯೇ ಸಾಬೀತಾಯಿತು. ಆಡುಗಳಲ್ಲಿಯೂ ಥೈಲೇರಿಯ, ಬೆಬೀಸಿಯ, ಅನಾಪ್ಲಾಸ್ಮ ಎಂಬ ನೆತ್ತರಿನ ಜೀವಿಗಳನ್ನು ಉಣ್ಣಿಗಳು ಹೊತ್ತು ತರುವುವು. ಮನುಷ್ಯರ ಮಾತು ಬೇಕೆಂದರೆ ಮಲೆನಾಡೇ ಸಾಕ್ಷಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆಯನ್ನು ಹರಡುವುದು ಅಲ್ಲಿನವರು ಉಣುಗು ಎಂದು ಕರೆಯುವ ಕಾಡಿನ ಉಣ್ಣಿ. ಅದರ ಎಳೆಯ ಹಂತಗಳು ಮಂಗಗಳನ್ನೂ ಮನುಷ್ಯರನ್ನೂ ಕಚ್ಚಿದರೆ, ಬೆಳೆದುವು ಕಾಡಿನಲ್ಲಿ ಮೇಯುವ ಜಾನುವಾರುಗಳ ಮೇಲೆ ಬದುಕುವುವು.

ಆಡಿನ ಕೂದಲು ಉದುರಿತೆಂದಾಗ ಅದು ಪೋಷಣೆಯ ಕೊರತೆಯೋ, ಪರೋಪಜೀವಿಯ ಕಾಟವೋ ಎಂಬುದನ್ನು ಸೀಸೆ ಕೊಳ್ಳುವ ಮುಂಚೆ ನೋಡತಕ್ಕದ್ದು. ನೋಡುವುದು ಕಷ್ಟವಲ್ಲ. ಬೆಳಗಿನ ಬಿಸಿಲಿಗೆ ಆಡನ್ನು ನಿಲ್ಲಿಸಿ ಬೆನ್ನಿನ ಕೂದಲನ್ನು ಎರಡು ಕಡೆಗೆ ಸೀಳಿದರೆ ಹೇನುಗಳು ಓಡಾಡುವುದೂ, ಕೂದಲಿಗೆ ಸೀರುಗಳು ಅಂಟಿರುವುದೂ ಕಾಣುವುದು. ಬಾಚಣಿಗೆಯಿಂದ ಬಿಳಿಯ ಬಟ್ಟೆಯ ಮೇಲಕ್ಕೆ ಬಾಚಿದರೆ ಇನ್ನೂ ಸ್ಪಷ್ಟ. ಆಡು ಗೋಡೆಗೆ ಮೈಯುಜ್ಜುತ್ತ ತನ್ನ ಕೂದಲನ್ನು ತಾನೇ ಕಡಿಯುತ್ತಿದ್ದರೆ ಹೇನೆಂದು ಶಂಕಿಸಬೇಕು. ಮೂತಿ, ಕಿವಿ, ಕಣ್ಣಿನ ಸುತ್ತ ಹೊಪ್ಪಳಿಕೆಯಾಗಿ ಚರ್ಮ ದಪ್ಪಗಾಗಿ ಬಿರಿದು, ತುರಿಕೆ ತಡೆಯಲಾರದಷ್ಟಿದ್ದರೆ ಅದು ಕಜ್ಜಿಹುಳು. ಈ ಕಜ್ಜಿಯು ಆಡು ಕಾಯುವ ಹುಡುಗರ ಕೈಗೂ ಕೆಲವು ದಿನ ತಗಲುವುದುಂಟು. ಬರಿಯ ಪೋಷಣೆಯ ಕೊರತೆಯಿದ್ದಲ್ಲಿ ಕೂದಲು ಮೈಯೆಲ್ಲ ಸಮನಾಗಿ ಮಂಕಾಗಿರುವುದು, ಅಷ್ಟು ತುರಿಕೆಯಿರದು. ಸೊರಗಿದ ಆಡಿನ ಮೇಲೆ ಹೇನು ಹೆಚ್ಚುವುದೂ ನಿಜ. ಒಂದರಿಂದ ಇನ್ನೊಂದು ಬೆಳೆಯುವುದರಿಂದಲೇ ಜನರು ಮೋಸಹೋಗುವುದು.

ಈ ಜೀವಿಗಳ ಬಾಳ್ವೆಯನ್ನು ತಿಳಿಯದೆ ಔಷಧ ಹೊಡೆದರೆ ಔಷಧವೇ ಕೆಟ್ಟದ್ದೆಂಬ ಹೆಸರು ಬರುವುದು. ಹೇನು ಹುಟ್ಟುವುದೂ ಸಾಯುವುದೂ ಆಡಿನ ಮೈಮೇಲೆಯೇ. ಔಷಧವು ಹೇನನ್ನು ಕೊಲ್ಲುವುದು, ಸೀರನ್ನು ಕೊಲ್ಲದು. ಸೀರು ಒಂದೆರಡು ವಾರದಲ್ಲಿ ಒಡೆಯುವುದು. ಆದಕಾರಣ 14 ದಿನದ ಮೇಲೆ ಎರಡನೆಯ ಸಲ ಹೊಡೆಯದಿದ್ದರೆ ಮೊದಲನೆಯದು ನಿಷ್ಫಲ. ಉಣ್ಣಿಯ ರೀತಿ ಬೇರೆ. ಅದು ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರಿ, ಗೋಡೆಯ ಬಿರುಕಿನಲ್ಲೋ ಗೊಬ್ಬರದ ಹೆಂಟೆಯ ಕೆಳಗೋ ಎರಡು ಮೂರು ಸಾವಿರ ಮೊಟ್ಟೆಗಳನ್ನಿಟ್ಟು ಸಾಯುವುದು. ಮರಿಯುಣ್ಣಿಗಳು ಏನನ್ನೂ ತಿನ್ನದೆ ತಿಂಗಳುಗಟ್ಟಲೆ ಕಾದಿರಬಲ್ಲವು. ಆಡಿನ ಮೈಮೇಲೆ ಕಾಣುವ ಉಣ್ಣಿಗಳಿಗಿಂತ ರೊಪ್ಪದಲ್ಲಿ ಕಾಣದವುಗಳ ಸಂಖ್ಯೆಯೇ ಬಹಳ ದೊಡ್ಡದು.

ಔಷಧಗಳ ಚರಿತ್ರೆಯಲ್ಲಿ ಹೆಮ್ಮೆಪಡುವಂಥದು ಸ್ವಲ್ಪವೇ ಇದೆ. ಇಂಗ್ಲೆಂಡಿನ ವಿಲಿಯಂ ಕೂಪರ್ 1852ರಲ್ಲಿ ಹೊರತಂದ ಪುಡಿಯು ಪಾಷಾಣ ಮತ್ತು ಗಂಧಕದ್ದು. ಕುರಿಯನ್ನು ಮುಳುಗಿಸಿದವನ ಕೈಯೇ ಅಪಾಯದಲ್ಲಿತ್ತು. ಆಮೇಲೆ ಡಿಡಿಟಿಯೂ ಬಿಎಚ್‌ಸಿಯೂ ಬಂದುವು. ಇವು ಹಾಲಿನಲ್ಲಿಯೂ ಕೊಬ್ಬಿನಲ್ಲಿಯೂ ಉಳಿಯುವುದು ಕಂಡುಬಂದು, ಬೇಸಾಯದಲ್ಲಿ ಡಿಡಿಟಿಯ ಬಳಕೆಯನ್ನು 1989ರಲ್ಲಿಯೂ ಬಿಎಚ್‌ಸಿಯನ್ನು 1997ರಲ್ಲಿಯೂ ಭಾರತ ಸರ್ಕಾರವು ನಿಲ್ಲಿಸಿತು. ಈಗ ಪಶು ಔಷಧವಾಗಿ ದೊರೆಯುವವುಗಳಲ್ಲಿ ಡೆಲ್ಟಾಮೆಥ್ರಿನ್ ಮತ್ತು ಅಮಿಟ್ರಾಜ್ ಮುಖ್ಯವಾದುವು. ನೂರಕ್ಕೆ 1.25 ಪಾಲಿನ ಡೆಲ್ಟಾಮೆಥ್ರಿನ್ ಆಗಲಿ, 12.5 ಪಾಲಿನ ಅಮಿಟ್ರಾಜ್ ಆಗಲಿ, ಉಣ್ಣಿಗೆ ಲೀಟರು ನೀರಿಗೆ 2 ಮಿಲಿಲೀಟರಿನಂತೆ ಬೆರೆಸುವುದು ವಾಡಿಕೆ. ಸೀಸೆಯ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಚೀಟಿಯೇ ಪ್ರಮಾಣ. ಆಡೊಂದಕ್ಕೆ ಒಂದೂವರೆ ಲೀಟರಿನಷ್ಟು ದ್ರಾವಣವು ಚರ್ಮಕ್ಕೆ ಇಳಿಯುವಂತೆ, ಕಿವಿಯ ಒಳಮಡಿಕೆ, ಕಂಕುಳು, ಬಾಲದಡಿ, ಗೊರಸಿನ ಸಂದುಗಳನ್ನು ಬಿಡದೆ ಹೊಡೆಯಬೇಕು. ಬೆನ್ನಿನ ಮೇಲೆ ಚಿಮುಕಿಸಿ ಕೈತೊಳೆಯುವುದು ಕಾಟಾಚಾರ. ಬಿಸಿಲೇರುವ ಬೆಳಗಿನಲ್ಲಿ, ಆಡುಗಳಿಗೆ ಮೊದಲು ನೀರು ಕುಡಿಸಿ, ಗಾಳಿಗೆ ಬೆನ್ನು ಕೊಟ್ಟು ಕೆಲಸಮಾಡಬೇಕು. ತುಂಬುಗಬ್ಬದವನ್ನೂ, ಕಾಯಿಲೆಯವನ್ನೂ, ಹಾಲುಗೂಸು ಮರಿಗಳನ್ನೂ ಬೇರ್ಪಡಿಸಿ ಪಶುವೈದ್ಯರ ಮಾತಿನಂತೆ ನಡೆಯಬೇಕು. ಉಳಿದ ದ್ರಾವಣವನ್ನು ಕೆರೆ ಕಾಲುವೆಗೆ ಚೆಲ್ಲಿದರೆ ಮೀನೆಲ್ಲ ಸಾಯುವುದು. ರೇಷ್ಮೆಹುಳುವಿಗಂತೂ ಡೆಲ್ಟಾಮೆಥ್ರಿನ್ನಿನ ಗಾಳಿಯೂ ತಗಲಬಾರದು. ಹುಳುಮನೆಯ ಮತ್ತು ಹಿಪ್ಪುನೇರಳೆ ತೋಟದ ಹತ್ತಿರ ಈ ಕೆಲಸ ಸಲ್ಲದು.

ಬೆಳೆಗೆ ಹೊಡೆಯುವ ಕೀಟನಾಶಕವನ್ನೇ ಆಡಿಗೂ ಹೊಡೆಯುವ ದುರಭ್ಯಾಸವನ್ನು ಊರ ಹಿರಿಯರು ಗಟ್ಟಿಯಾಗಿ ತಡೆಯಬೇಕು. ಹತ್ತಿಯ ಹೊಲದಲ್ಲಿ ಮಿಕ್ಕ ಔಷಧವನ್ನು ವ್ಯರ್ಥಮಾಡಬಾರದೆಂದು ಆಡಿನ ಮೈಗೆ ಬಳಿದು, ಸಂಜೆಯೊಳಗೆ ಜೊಲ್ಲು ಸುರಿಸಿ ನಡುಗಿ ಆಡುಗಳು ಸತ್ತುದನ್ನು ಕಂಡ ಊರುಗಳಿಲ್ಲದಿಲ್ಲ. ಸುಟ್ಟ ಇಂಜಿನ್ ಎಣ್ಣೆ, ಸೀಮೆಎಣ್ಣೆಗಳೂ ಅಷ್ಟೆ. ಚರ್ಮ ಸುಡುವುದಲ್ಲದೆ ಬೇರೆ ಫಲವಿಲ್ಲ. ಹೊಗೆಸೊಪ್ಪಿನ ಕಷಾಯವು ಹೇನನ್ನು ಕೊಲ್ಲುವುದು, ಗಟ್ಟಿಯಾದರೆ ಆಡನ್ನೂ ಕೊಲ್ಲುವುದು. ಬೇವಿನೆಣ್ಣೆ, ಹೊಂಗೆಯೆಣ್ಣೆ, ಸೀತಾಫಲದ ಬೀಜದ ಪುಡಿ ಇವುಗಳಿಗೆ ಸ್ವಲ್ಪಮಟ್ಟಿಗೆ ಗುಣವಿದೆ, ಎರಡು ಮೂರು ಆಡುಗಳ ಮನೆಗೆ ಇವು ಸಾಕಾಗಬಹುದು. ಸೀತಾಫಲದ ಪುಡಿ ಕಣ್ಣಿಗೆ ಬೀಳದಂತೆ ನೋಡಬೇಕು. ಕಳೆನಾಶಕ ಹೊಡೆದ ಪಂಪನ್ನು ತೊಳೆಯದೆ ಆಡಿಗೆ ಹಿಡಿಯುವವರೂ ಇದ್ದಾರೆ. ಈ ಕೆಲಸಕ್ಕೆ ಊರಿನಲ್ಲಿ ಒಂದು ಪಂಪನ್ನು ಬೇರೆಯೇ ಇಡುವುದು ಲೇಸು.

ಕಜ್ಜಿಗೂ, ನೆತ್ತರು ಹೀರುವ ಹೇನಿಗೂ ಐವರ್‌ಮೆಕ್ಟಿನ್ ಸೂಜಿಮದ್ದು ಒಳ್ಳೆಯದು. ಸಿಪ್ಪೆ ಕಡಿಯುವ ಹೇನಿಗೆ ಅದು ಅಷ್ಟಾಗಿ ಸಲ್ಲದು. ಜಪಾನಿನ ಮಣ್ಣಿನೊಳಗಿನ ಸೂಕ್ಷ್ಮಜೀವಿಯೊಂದರಿಂದ ಬಂದ ಈ ಔಷಧಕ್ಕಾಗಿ ಸತೋಷಿ ಓಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. 50 ಕಿಲೋ ತೂಕಕ್ಕೆ ನೂರಕ್ಕೆ ಒಂದು ಪಾಲಿನ ಮದ್ದು ಒಂದೇ ಮಿಲಿಲೀಟರು, ಅದೂ ಚರ್ಮದ ಕೆಳಗೆ. ಹಾಲು ಕರೆಯುವ ಆಡಿಗೆ ಇದನ್ನು ಹಾಕಿ ಆ ಹಾಲನ್ನು ಮಕ್ಕಳಿಗೆ ಕೊಡಬಾರದು. ಮಾರಿಹಬ್ಬದ ಹಿಂದಿನ ವಾರ ಹೋತಕ್ಕೆ ಹಾಕಿಸಿ ಹಬ್ಬಕ್ಕೆ ಕಡಿಯುವುದೂ ಕೂಡದು. ಮಾಂಸಕ್ಕೆ ಬಿಡಬೇಕಾದ ಅವಧಿಯು ವಾರಗಳ ಲೆಕ್ಕದ್ದು, ಅದನ್ನು ಮದ್ದು ಹಾಕಿದವರಿಂದಲೇ ಕೇಳಿ ತಿಳಿಯಬೇಕು.

ರೊಪ್ಪವನ್ನು ಬಿಟ್ಟು ಆಡನ್ನು ಮಾತ್ರ ಶುದ್ಧಿಮಾಡುವುದು ಕೆಸರಿನಲ್ಲಿ ನಿಂತು ಕಾಲು ತೊಳೆದಂತೆ. ಔಷಧ ಹೊಡೆಯುವ ದಿನವೇ ಗೊಬ್ಬರವನ್ನು ಬಾಚಿ ತಿಪ್ಪೆಗೆ ಹಾಕಿ, ಮೇಲುಮಣ್ಣನ್ನು ಎರಡು ಮೂರು ಅಂಗುಲ ತೆಗೆದು, ಗೋಡೆಯ ಬಿರುಕುಗಳನ್ನು ಮೆತ್ತಿ ಸುಣ್ಣ ಬಳಿಯಬೇಕು. ಕಲ್ಲಿನ ಸಂದುಗಳಿಗೂ ಅದೇ ದ್ರಾವಣವನ್ನು ಹೊಡೆಯಬಹುದು. ಹೊಲದಲ್ಲಿ ಮಂದೆ ಕಟ್ಟುವವರು ಜಾಗವನ್ನು ಬದಲಾಯಿಸುತ್ತಿರುವುದರಿಂದ ಅವರ ಆಡುಗಳಿಗೆ ಕಾಟವು ಎಷ್ಟೋ ಕಡಮೆ. ನಾಟಿ ಕೋಳಿಗಳು ರೊಪ್ಪದಲ್ಲಿ ಕೆದಕಿ ಉಣ್ಣಿಗಳನ್ನು ಹೆಕ್ಕಿ ತಿನ್ನುವುದನ್ನು ನೋಡದವರಿಲ್ಲ; ಕೂಲಿ ಬೇಡದ ಆ ಆಳುಗಳನ್ನು ಓಡಿಸಬೇಕಾಗಿಲ್ಲ.

ಈ ಎಲ್ಲ ಕ್ರಮಗಳೂ ಒಬ್ಬರ ಮನೆಯಲ್ಲಿ ಮಾತ್ರ ನಡೆದರೆ ಸಾಲದು. ಇಲ್ಲಿಯೇ ಊರ ಯಜಮಾನರ ಮತ್ತು ಜಮೀನುದಾರರ ಹೊಣೆಯು ಬರುವುದು. ಎಂಬತ್ತು ಆಡುಗಳ ಒಡೆಯರಾದ ಜಮೀನುದಾರರೊಬ್ಬರು ವರ್ಷಕ್ಕೆ ನಾಲ್ಕು ಸಲ ಔಷಧ ಹೊಡೆಸುವರೆಂದಿಟ್ಟುಕೊಳ್ಳೋಣ. ಅವರ ಹೊಲದಲ್ಲಿಯೇ ಕೂಲಿಮಾಡುವ ಹೆಂಗಸಿನ ಎರಡು ಆಡುಗಳಿಗೆ ಔಷಧವಿಲ್ಲ. ಎರಡು ಮಂದೆಗಳೂ ಮೇಯುವುದು ಒಂದೇ ಗೋಮಾಳದಲ್ಲಿ, ನೀರು ಕುಡಿಯುವುದು ಒಂದೇ ಕಟ್ಟೆಯಲ್ಲಿ. ಆ ಎರಡು ಆಡುಗಳಿಂದ ಉದುರಿದ ಹತ್ತು ಉಣ್ಣಿಗಳು ಇಪ್ಪತ್ತು ಸಾವಿರ ಮೊಟ್ಟೆಗಳನ್ನಿಟ್ಟರೆ ಜಮೀನುದಾರರ ಖರ್ಚು ನೀರಿನಲ್ಲಿ ಹೋಮಮಾಡಿದಂತಾಯಿತು. ಅವರು ಆಗ ಔಷಧವನ್ನು ದೂರಿ, ಪ್ರಮಾಣವನ್ನು ಮನಬಂದಂತೆ ಏರಿಸಿಯೋ ಇಳಿಸಿಯೋ ಹೊಡೆಸುವರು. ಒಂದೇ ಔಷಧವನ್ನು ಹೀಗೆ ವರ್ಷಗಟ್ಟಲೆ ಅರೆಬರೆಯಾಗಿ ಹೊಡೆದುದರಿಂದಲೇ ಡೆಲ್ಟಾಮೆಥ್ರಿನ್ನಿಗೆ ಜಗ್ಗದ ಉಣ್ಣಿಗಳು ಭಾರತದ ಹಲವು ಕಡೆ ಹುಟ್ಟಿಕೊಂಡಿರುವುವು.

ಕೂಲಿಯವರ ಆಡಿಗೆ ನಾವೇಕೆ ಖರ್ಚುಮಾಡಬೇಕೆಂಬ ಮಾತು ಇಂಥ ಕಡೆ ಬರುವುದು. ಖರ್ಚೆಷ್ಟೆಂಬುದನ್ನು ನೋಡಬಹುದು. ಒಂದು ಗ್ರಾಮದಲ್ಲಿ ಆಡು ಕುರಿ ಸೇರಿ 400 ಇದ್ದರೆ ಒಂದು ಸಲಕ್ಕೆ ಬೇಕಾದ ದ್ರಾವಣವು 600 ಲೀಟರು. ಅದಕ್ಕೆ ಬೇಕಾದ ಔಷಧವು 1 ಲೀಟರು 200 ಮಿಲಿಲೀಟರು. ಎರಡು ಸಲಕ್ಕೆ ಎರಡೂವರೆ ಲೀಟರಿಗೂ ಕಡಮೆ. ಈ 400ರಲ್ಲಿ ಬಡವರ ಪಾಲು ನೂರೆಂದಿಟ್ಟುಕೊಂಡರೆ ಅವುಗಳಿಗೆ ತಗಲುವುದು ಆರುನೂರು ಮಿಲಿಲೀಟರು. ನಾಲ್ವರು ಜಮೀನುದಾರರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವ ಭಾರವು ಅವರು ಈಗ ಕೊಳ್ಳುವ ಟಾನಿಕ್ಕಿನ ಸೀಸೆಗಿಂತಲೂ ಚಿಕ್ಕದು. ಇದನ್ನು ದಾನವೆಂದು ಎಣಿಸಬೇಕಾಗಿಲ್ಲ. ತಮ್ಮ ಮಂದೆಗೆ ಹಾಕಿದ ಬೇಲಿಯೆಂದೇ ಎಣಿಸಬಹುದು. ಬಡವರು ಔಷಧದ ದಿನ ಆಡನ್ನು ಹಿಡಿದು ತರಲಾರರೆಂಬ ದೂರೂ ಉಂಟು. ದಿನದ ಕೂಲಿ ತಪ್ಪುವುದಾದರೆ ಯಾರು ತಾನೆ ಬಂದಾರು? ಕೆಲಸಕ್ಕೆ ಕರೆಯುವ ಮುಂಚಿನ ಹೊತ್ತನ್ನು ಅದಕ್ಕೆ ಬಿಟ್ಟುಕೊಟ್ಟರೆ ಎಲ್ಲರೂ ಬರುವರು.

ಗ್ರಾಮ ಪಂಚಾಯತಿಯ ಸಭೆಯಲ್ಲಿ ಪಶುವೈದ್ಯರನ್ನು ಕರೆಸಿ ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆ ಡಂಗುರ ಹೊಯ್ಸುವುದು ಸರಿಯಾದ ಕ್ರಮ. ಮಳೆ ಹಿಡಿಯುವ ಮುಂಚೆ ಒಂದು ಜೋಡಿ, ಮಳೆಗಾಲ ಮುಗಿದು ಚಳಿ ಮೊದಲಾಗುವಾಗ ಇನ್ನೊಂದು ಜೋಡಿ. ಚಳಿಯಲ್ಲಿ ಆಡುಗಳು ಒತ್ತಾಗಿ ಮಲಗುವುದರಿಂದ ಹೇನು ಆಗಲೇ ಹೆಚ್ಚುವುದು. ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆ ಕಟ್ಟಿ, ಎರಡು ಸಲ ಔಷಧ ಹೊಡೆದಲ್ಲದೆ ಮಂದೆಗೆ ಸೇರಿಸಬಾರದೆಂದು ಅದೇ ಸಭೆಯಲ್ಲಿ ಕಟ್ಟು ಮಾಡಬಹುದು. ಕಜ್ಜಿಯು ಊರಿಗೆ ಬರುವುದು ಬಹುತೇಕ ಸಂತೆಯ ದಾರಿಯಲ್ಲಿಯೇ. ಯಾವ ಸಲ ಯಾವ ಔಷಧ ಹೊಡೆಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ವರ್ಷ ಅದನ್ನು ಬದಲಾಯಿಸುವುದಕ್ಕೆ ಅನುಕೂಲ. ಎರಡನೆಯ ಸುತ್ತಿನ ದಿನವನ್ನು, ಅಂದರೆ ಹದಿನಾಲ್ಕನೆಯ ದಿನವನ್ನು, ಮೊದಲನೆಯ ದಿನವೇ ಸಾರಿಬಿಡಬೇಕು. ಮೊದಲ ಸುತ್ತಿಗೆ ಊರೆಲ್ಲ ನೆರೆಯುವುದು. ಎರಡನೆಯದಕ್ಕೆ ಅರ್ಧ ಊರೂ ಬಾರದು. ಅಂದು ಬಾರದವರ ಮನೆಯ ಬಾಗಿಲಿಗೆ ಯಜಮಾನರೇ ಹೋಗಿ ಕರೆದರೆ ಉಳಿದ ಅರ್ಧವೂ ಬರುವುದು.